ಹಮೀದ್ ಓದದ ತಿರುವುಗಳು

ಗ್ಯಾರೇಜಿನಲ್ಲಿ ಕೂತು ಯಾರಾದರೂ ದೆವ್ವದ ಕತೆ ಶುರು ಮಾಡಿದರೆ, ಮೊದಲು ಗಾಡಿಯ ಬ್ಯಾಟರಿ ನೋಡಿಸಿ ಎಂದು ಗೇಲಿ ಮಾಡುತ್ತಿದ್ದವನು ನಾನು. ಯಾವ ಸದ್ದಿಗೂ ಕಾರಣ ಇದ್ದೇ ಇರುತ್ತದೆ, ಸಡಿಲವಾದ ಬೋಲ್ಟೋ ಸವೆದ ಬೇರಿಂಗೋ. ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವನಿಗೆ ಬೇರೆ ನಂಬಿಕೆ ಬರುವುದು ಕಷ್ಟ. ಈಗಲೂ ನಾನು ಹೆಚ್ಚುಕಡಿಮೆ ಹಾಗೆಯೇ ಇದ್ದೇನೆ, ಒಂದು ಮಧ್ಯಾಹ್ನದ ವಿಷಯ ಬಿಟ್ಟರೆ.

ಸಿದ್ಧಕಟ್ಟೆಯಲ್ಲಿ ನನ್ನ ಗ್ಯಾರೇಜು. ಹುಚ್ಚಿಗೆ ಬಿದ್ದು ಒಂದು ಹಳೆಯ ಸಣ್ಣ ಕಾರನ್ನು ರ‍್ಯಾಲಿಗೆ ಸಿದ್ಧ ಮಾಡಿದ್ದೆ. ಹಿಂದಿನ ಸೀಟು ಕಿತ್ತು, ಒಳಗೆ ಪೈಪಿನ ಪಂಜರ ವೆಲ್ಡ್ ಮಾಡಿ, ಎಂಜಿನ್ನಿನ ಅಡಿಗೆ ದಪ್ಪ ತಗಡು ಕೂರಿಸಿದ್ದೆ. ಪ್ರತಿ ಸ್ಪರ್ಧೆಯ ನಂತರ ಅದನ್ನು ಬಿಚ್ಚಿ ಮತ್ತೆ ಕಟ್ಟುವುದಕ್ಕೇ ಒಂದು ತಿಂಗಳು ಬೇಕು.

ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವನು ಕನ್ಯಾನದ ಹಮೀದ್. ಮೂಡುಬಿದಿರೆಯಲ್ಲಿ ನನ್ನೊಟ್ಟಿಗೆ ಕಲಿತವನು, ಗಲ್ಫಿನಿಂದ ಮರಳಿ ಟಯರ್ ಅಂಗಡಿ ಇಟ್ಟವನು. ಸ್ಪರ್ಧೆಯ ಹಿಂದಿನ ದಿನ ನಾವಿಬ್ಬರೂ ದಾರಿಯಲ್ಲಿ ನಿಧಾನಕ್ಕೆ ಹೋಗಿ ಒಂದೊಂದು ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆವು. ಮರುದಿನ ಅವನು ಅದನ್ನು ಹೆಲ್ಮೆಟ್ಟಿನ ಮೈಕಿನಲ್ಲಿ ಓದುತ್ತಿದ್ದ, ನಾನು ಕಣ್ಣಿಗಿಂತ ಕಿವಿಯನ್ನು ನಂಬಿ ಓಡಿಸುತ್ತಿದ್ದೆ. ಬೇರೆಯವರೆಲ್ಲ ಇಂಗ್ಲಿಷಿನಲ್ಲಿ ಓದಿದರೆ ನಮ್ಮದು ತುಳುವಿನಲ್ಲಿ.

ಆ ವರ್ಷದ ಮೊದಲ ಸ್ಪರ್ಧೆಯಲ್ಲಿ ಅವನು ಎಡ ಇದ್ದಲ್ಲಿ ಬಲ ಎಂದು ಓದಿ ನಾವು ಚರಂಡಿಗೆ ಬಿದ್ದಿದ್ದೆವು. ಪೆಟ್ಟೇನೂ ಆಗಲಿಲ್ಲ. ಆದರೆ ನಾನು ಎಲ್ಲರೆದುರು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಮರುದಿನವೇ ನಾಚಿಕೆಯಾಯಿತು. ಅಷ್ಟರಲ್ಲಿ ಅವನು ಇನ್ನು ಕೂರುವುದಿಲ್ಲ ಎಂದಾಗಿತ್ತು. ಅಂಗಡಿಗೆ ಹೋಗಿ ಹೋಗಿ ಕಾಡಿ, ಅಂತೂ ಇನ್ನೊಂದು ಸಲಕ್ಕೆ ಒಪ್ಪಿಸಿದೆ.

"ಇದರಲ್ಲಿಯೂ ತಪ್ಪಿದ್ರೆ ನನ್ನನ್ನು ಮತ್ತೆ ಕರೀಬೇಡ" ಎಂದಿದ್ದ. ನನಗೆ ಗೆಲ್ಲುವ ಆಸೆ ಇರಲಿಲ್ಲ. ಅವನು ಕೊನೆಯವರೆಗೆ ಓದಿದರೆ ಸಾಕಿತ್ತು.

ಬೆಳ್ತಂಗಡಿ ಕಡೆಯ ಒಂದು ರಬ್ಬರ್ ತೋಟದ ಮಣ್ಣುರಸ್ತೆ, ಮೂರು ಗಂಟೆಯ ಬಿಸಿಲು. ಅರ್ಧ ದಾರಿಯಲ್ಲಿ ಕಾರು ಒಂದು ಹೊಂಡಕ್ಕೆ ಹಾರಿ ಬಿತ್ತು. ಹಮೀದನ ಸ್ವರ ಒಮ್ಮೆ ನಿಂತು ಮತ್ತೆ ಬಂತು. ಈಗ ಅದರಲ್ಲಿ ಗಡಿಬಿಡಿ ಇರಲಿಲ್ಲ. ಒಂದು ತಿರುವೂ ತಪ್ಪಲಿಲ್ಲ. ಒಂದು ಕಡೆ "ಕಲ್ಲ್ ಉಂಡು, ಎಡತ್ತ ಬರಿಟ್ ಪೋ" ಎಂದಿತು, ಕಲ್ಲಿದೆ, ಎಡಬದಿಯಲ್ಲಿ ಹೋಗು ಎಂದು. ನಾನು ಎಡಕ್ಕೆ ಒತ್ತಿದೆ. ತಿರುವಿನ ಆಚೆ ಬಲಗಡೆ ಅಕ್ಕಿಮುಡಿಯಷ್ಟು ದೊಡ್ಡ ಕಲ್ಲು ಉರುಳಿ ಬಿದ್ದಿತ್ತು. ಹಿಂದಿನ ದಿನ ಅಲ್ಲಿ ಕಲ್ಲಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ನಮ್ಮ ವರ್ಗದಲ್ಲಿ ಮೂರನೆಯವರಾದೆವು. ಕಾರಿನಿಂದ ಇಳಿದವನೇ ಅವನ ಬೆನ್ನು ತಟ್ಟಿ, "ಇಷ್ಟು ಚಂದ ನೀನು ಯಾವತ್ತೂ ಓದಿರ್ಲಿಲ್ಲ" ಎಂದೆ.

ಹಮೀದ್ ಹೆಲ್ಮೆಟ್ ತೆಗೆದು ನನ್ನನ್ನೇ ನೋಡಿದ. "ತಮಾಷೆ ಮಾಡ್ಬೇಡ ಮಾರಾಯ. ಹೊಂಡದಲ್ಲಿ ಪುಟ ತಪ್ಪಿತು, ಆಮೇಲೆ ನಾನು ಓದ್ಲೇ ಇಲ್ಲ. ತಪ್ಪು ಹೇಳುವುದಕ್ಕಿಂತ ಸುಮ್ಮನಿರುವ ಅಂತ ಕೂತೆ. ನೀನು ನೆನಪಿನಲ್ಲಿ ಓಡಿಸ್ತಿದ್ದಿ ಅಂತ ಮಾಡಿದ್ದೆ."

"ಮತ್ತೆ ಆ ಕಲ್ಲು?"

"ಕಲ್ಲು ನಾನು ನೋಡ್ಲೇ ಇಲ್ಲ. ಕಣ್ಣು ಮುಚ್ಚಿದ್ದೆ."

ಪಂಜರದ ಪೈಪಿಗೆ ಒಂದು ಸಣ್ಣ ಕ್ಯಾಮೆರಾ ಕಟ್ಟಿದ್ದೆವು. ಅದರಲ್ಲಿ ಎಂಜಿನ್ನಿನ ಗಲಾಟೆಯ ಹೊರತು ಏನೂ ಕೇಳುವುದಿಲ್ಲ, ಆದರೆ ನಾವಿಬ್ಬರೂ ಕಾಣುತ್ತೇವೆ. ಹೊಂಡದವರೆಗೆ ಅವನ ತುಟಿ ಅಲುಗುತ್ತದೆ. ಆಮೇಲೆ ಪುಸ್ತಕ ಮುಚ್ಚಿ ತೊಡೆಯ ಮೇಲಿದೆ, ಬಾಯಿಯೂ ಮುಚ್ಚಿದೆ. ಕಲ್ಲಿನ ತಿರುವು ಬರುವ ಮೊದಲೇ ನನ್ನ ಕೈ ಸ್ಟಿಯರಿಂಗನ್ನು ಎಡಕ್ಕೆ ಎಳೆಯುತ್ತದೆ.

ಮೈಕು, ವಯರು, ಹೆಲ್ಮೆಟ್ಟು ಎಲ್ಲ ಬಿಚ್ಚಿ ನೋಡಿದೆ. ದೋಷವಿರಲಿಲ್ಲ. ತಿರುವುಗಳು ನೆನಪಿನಲ್ಲಿದ್ದವು ಎಂದರೆ ಒಪ್ಪುತ್ತೇನೆ. ಕಲ್ಲಿನ ವಿಷಯಕ್ಕೆ ಬಂದರೆ ನನ್ನ ಲೆಕ್ಕಾಚಾರ ನಿಲ್ಲುತ್ತದೆ. ಪ್ರಶ್ನೆ ಇಡಿಸು ಎಂದವರೂ ಇದ್ದರು. ಜ್ಯೋತಿಷಿಯ ಮುಂದೆ ಕೂತು ಇದನ್ನು ಹೇಗೆ ವಿವರಿಸುವುದು ಎಂದು ತಿಳಿಯದೆ ಹೋಗಲಿಲ್ಲ.

ಹಮೀದ್ ಆ ವೀಡಿಯೊವನ್ನು ಮೂರು ಸಲ ನೋಡಿದ. ಹೆದರಿದಂತೆ ಕಾಣಲಿಲ್ಲ, ಬೇಸರಗೊಂಡಂತೆ ಕಂಡ. ಮೂರನೆಯ ಸ್ಥಾನಕ್ಕೆ ಸಿಕ್ಕಿದ್ದ ತನ್ನ ಪಾಲಿನ ಕಪ್ಪನ್ನು ನನ್ನ ಕೈಗೆ ಕೊಟ್ಟು, "ನಾನು ಬಾಯಿ ಮುಚ್ಚಿ ಕೂತ್ರೂ ನಿನಗೆ ನನ್ನ ಸ್ವರ ಕೇಳ್ತದೆ ಅಂತಾದ್ರೆ, ಇನ್ನು ನಾನು ಯಾಕೆ?" ಎಂದ.

ಗೆಳೆತನ ಮುರಿಯಲಿಲ್ಲ. ಟಯರನ್ನು ಈಗಲೂ ಅವನಲ್ಲೇ ಹಾಕಿಸುತ್ತೇನೆ, ಕಾರಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಒಳಗೆ ಮಾತ್ರ ಅವನು ಮತ್ತೆ ಕೂರಲಿಲ್ಲ. ಈಗ ಮಿಜಾರಿನ ಒಬ್ಬರು ನನಗೆ ಇಂಗ್ಲಿಷಿನಲ್ಲಿ ಓದುತ್ತಾರೆ, ಚೆನ್ನಾಗಿಯೇ ಓದುತ್ತಾರೆ. ಆ ಸ್ವರ ಮತ್ತೆಂದೂ ಬಂದಿಲ್ಲ. ಅದೇನೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಅಂದು ಅವನನ್ನು ಹೊಗಳದೆ ಇದ್ದಿದ್ದರೆ ಅವನು ಈಗಲೂ ನನ್ನ ಪಕ್ಕದಲ್ಲಿ ಕೂತಿರುತ್ತಿದ್ದ ಎಂಬುದು ಮಾತ್ರ ತಿಳಿದಿದೆ.