ಭಾವನ ಮಂಚದ ಪಕ್ಕದ ಸಿಗಡಿಗಳು

ನನ್ನ ಅಕ್ಕ ಗಿರಿಜಾಂಬಾ ಯಾರನ್ನೂ ಏನನ್ನೂ ಕೇಳುವವಳಲ್ಲ. ಕುಂಬಾರಕೊಪ್ಪಲಿನ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಬಟ್ಟೆ ತಂದವರ ಅಳತೆ ತೆಗೆಯುತ್ತಾಳೆ, ತೋಳು ಎಷ್ಟಿರಬೇಕು, ಬೆನ್ನು ಎಷ್ಟು ಇಳಿಯಬೇಕು ಎಂದು ತಾನೇ ಹೇಳುತ್ತಾಳೆ. ನಿಮಗೆ ಇಷ್ಟೇ ಒಪ್ಪುವುದು ಎಂದರೆ ಮುಗಿಯಿತು. ಹೊಲಿದದ್ದು ಚೆನ್ನಾಗಿಯೇ ಇರುತ್ತದೆ, ಅದೇ ತೊಂದರೆ. ಆಗಾಗ ತಪ್ಪಿದ್ದರೆ ನಮಗೂ ಬಾಯಿ ಬರುತ್ತಿತ್ತು. ನಾನು ಅವಳ ತಂಗಿ ಚೂಡಾಮಣಿ. ನನ್ನ ಕನ್ನಡಕದ ಫ್ರೇಮನ್ನು ಕೂಡ ಅವಳೇ ಆರಿಸಿದ್ದು. ಎರಡು ಬೀದಿ ಆಚೆ ಇದ್ದೇನೆ, ದಿನಕ್ಕೊಮ್ಮೆ ಹೋಗಿ ಒಂದಿಷ್ಟು ಜಗಳವಾಡಿ ಕಾಫಿ ಕುಡಿದು ಬರುತ್ತೇನೆ.

ಭಾವ ಶಿವಲಿಂಗಯ್ಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಸ್ಸಿನಲ್ಲಿ ದಿನವಿಡೀ ಕೂಗಿ ಕೂಗಿ ಮನೆಗೆ ಬಂದರೆ ಅವರಿಗೆ ಮಾತು ಬೇಕಾಗುತ್ತಿರಲಿಲ್ಲ. ಅಕ್ಕ ಇಬ್ಬರ ಪರವಾಗಿಯೂ ಮಾತಾಡುತ್ತಿದ್ದಳು. ಹಾಗೆಯೇ ಸಂಸಾರ ನಡೆಯಿತು, ಚೆನ್ನಾಗಿಯೇ ನಡೆಯಿತು. ನಿವೃತ್ತಿಯಾದ ಸ್ವಲ್ಪ ಕಾಲಕ್ಕೆ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರಾ ಹೋಯಿತು, ಮಾತೂ ಹೋಯಿತು. ಉಳಿದದ್ದು ಎಡಗೈ ಮತ್ತು ಕಣ್ಣು.

ಅಕ್ಕ ಅವರ ಮಂಚವನ್ನು ಹೊಲಿಗೆಯ ಕೋಣೆಗೇ ತಂದು ಗೋಡೆ ಬದಿಗೆ ಹಾಕಿಸಿದಳು. ಮೈ ಒರೆಸುವುದು, ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಒಬ್ಬಳೇ. ಬೆನ್ನಿನಲ್ಲಿ ಒಂದು ಹುಣ್ಣಾಗಲು ಬಿಡಲಿಲ್ಲ. ಬೀದಿಯವರೆಲ್ಲ ಹೊಗಳಿದರು, ನಾನೂ ಹೊಗಳುತ್ತೇನೆ. ಆದರೆ ಬಂದವರು ಮಂಚದ ಕಡೆ ತಿರುಗಿ "ಹೇಗಿದೀರಾ ಯಜಮಾನ್ರೇ" ಎಂದರೆ ಉತ್ತರ ಮಿಷನ್ನಿನ ಕಡೆಯಿಂದ ಬರುತ್ತಿತ್ತು. ಚೆನ್ನಾಗಿದ್ದಾರೆ, ಈಗ ನಿದ್ದೆಯ ಹೊತ್ತು ಎನ್ನುತ್ತಿದ್ದಳು. ಭಾವ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು.

ವ್ಯಾಯಾಮ ಮಾಡಿಸಲು ಬರುತ್ತಿದ್ದವರು, ಇವರ ಕಣ್ಣಿಗೆ ಏನಾದರೂ ಕೆಲಸ ಕೊಡಿ, ಗೋಡೆ ನೋಡಿಕೊಂಡು ಎಷ್ಟು ದಿನ ಮಲಗಿರುತ್ತಾರೆ ಎಂದರು. ಅದಕ್ಕೆ ಅಕ್ಕನ ಮಗಳು ಲಹರಿ ಒಂದು ಗಾಜಿನ ತೊಟ್ಟಿ ತಂದಳು. ದೊಡ್ಡದೇನಲ್ಲ, ಬಿಸ್ಕತ್ತಿನ ಡಬ್ಬದಷ್ಟು. ಮೇಲೆ ಮುಚ್ಚಳವಿಲ್ಲ. ತಳದಲ್ಲಿ ಮಣ್ಣು, ಮರಳು, ನೀರೊಳಗೆ ಗಿಡಗಳು. ಕೆಲವು ಗಿಡಗಳು ನೀರಿನಿಂದ ತಲೆ ಎತ್ತಿ ಗಾಳಿಗೆ ಎಲೆ ಬಿಟ್ಟಿದ್ದವು. ಗಾಜಿನೊಳಗೆ ಜೀವ ಕೂಡಿಹಾಕುವುದನ್ನು ಕಂಡರೆ ನನಗಾಗುವುದಿಲ್ಲ, ಬರೀ ಗಿಡ ಅಂತ ಸುಮ್ಮನಿದ್ದೆ. ಲಹರಿಯೂ ಸದ್ಯಕ್ಕೆ ಗಿಡ ಸಾಕು ಎಂದೇ ಹೇಳಿ ಹೋದಳು. ಭಾವ ತಲೆ ಈ ಕಡೆಗೆ ಹೊರಳಿಸಿ ಅದನ್ನು ನೋಡತೊಡಗಿದರು.

ಅಕ್ಕನಿಗೆ ಅಷ್ಟರಲ್ಲಿ ತೃಪ್ತಿಯಾಗಲಿಲ್ಲ. ಮನುಷ್ಯ ಎಷ್ಟು ಹೊತ್ತು ಎಲೆ ನೋಡುತ್ತಾನೆ ಎಂದು ತೀರ್ಮಾನಿಸಿ ಮಂಡಿ ಮೊಹಲ್ಲಾಕ್ಕೆ ಹೊರಟಳು, ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಸಗಟು ಅಂಗಡಿಗಳ ನಡುವೆ ಜೆನ್ನಿ ಎಂಬ ಹೆಂಗಸು ಬಣ್ಣದ ಮೀನು ಮಾರುತ್ತಾಳೆ. ತೊಟ್ಟಿ ಎಷ್ಟು ದೊಡ್ಡದು ಎಂದು ಅವಳು ಕೇಳಿದಳು. ಅಕ್ಕ ಕೈಯಲ್ಲಿ ಅಳತೆ ತೋರಿಸಿದಳು. ಅಷ್ಟು ಸಣ್ಣದರಲ್ಲಿ ಗೋಲ್ಡ್ ಫಿಶ್ ಬದುಕುವುದಿಲ್ಲ, ಗಪ್ಪಿ ಹಾಕಿದರೆ ಮರಿಗಳಾಗಿ ತುಂಬಿಹೋಗುತ್ತವೆ, ಗುಂಪಿನಲ್ಲಿ ಓಡಾಡುವ ಮೀನುಗಳಿಗೆ ಓಡಲು ಜಾಗವೇ ಇಲ್ಲ ಎಂದಳು. ಅಕ್ಕ ಒಂಟಿಯಾಗಿ ಬಾಟಲಿಯಲ್ಲಿದ್ದ ಕೆಂಪು ಫೈಟರ್ ಮೀನನ್ನು ತೋರಿಸಿದಳು. ಅದು ಎಗರುತ್ತದೆ, ಮುಚ್ಚಳವಿಲ್ಲದಿದ್ದರೆ ನೀರನ್ನಾದರೂ ಅರ್ಧಕ್ಕೆ ಇಳಿಸಿಕೊಳ್ಳಿ ಎಂದು ಜೆನ್ನಿ ಎರಡು ಸಲ ಹೇಳಿದ್ದು ನನ್ನ ಕಿವಿಯಲ್ಲೇ ಇದೆ.

ಅಕ್ಕ ಮನೆಗೆ ಬಂದು ತೊಟ್ಟಿಯ ಅಂಚಿನ ತನಕ ನೀರು ತುಂಬಿದಳು. ನಾನು ನೆನಪಿಸಿದೆ. ಮನೆಗೆ ಕರೆತಂದ ಜೀವಕ್ಕೆ ಅರ್ಧ ನೀರು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅದು ಎಗರಿತು. ಅಕ್ಕ ಅದೇ ಕೋಣೆಯಲ್ಲಿ ಬೆನ್ನು ತಿರುಗಿಸಿಕೊಂಡು ಮಿಷನ್ ತುಳಿಯುತ್ತಿದ್ದಳು. ಭಾವ ನೋಡುತ್ತಿದ್ದರು. ಮೀನು ಅವರ ಮಂಚದ ಕೆಳಗಿನ ಕೆಂಪು ನೆಲದ ಮೇಲೆ ಬಿದ್ದು ಹೊರಳಾಡಿದೆ. ಅವರು ಕೂಗಲು ನೋಡಿರಬೇಕು, ಗಂಟಲಿನಿಂದ ಬಂದ ಶಬ್ದ ಮಿಷನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಅಕ್ಕ ನೂಲು ಬದಲಿಸಲು ಎದ್ದಾಗ ಮೀನು ಒಣಗಿತ್ತು, ಭಾವನ ಎಡಗೈ ಮಂಚದಿಂದ ಕೆಳಕ್ಕೆ ಇಳಿಬಿದ್ದಿತ್ತು. ಬೆರಳಿಗೂ ನೆಲಕ್ಕೂ ನಡುವೆ ಗೇಣು ಜಾಗ. ಅವರ ಕೆನ್ನೆ ಒದ್ದೆಯಾಗಿತ್ತು.

ಅಂದಿನಿಂದ ಅವರು ಗೋಡೆಯ ಕಡೆ ಮುಖ ಮಾಡಿದರು. ಗಂಜಿ ಬಾಯಿಗಿಟ್ಟರೆ ಹೊರಕ್ಕೆ ಬರುತ್ತಿತ್ತು. ಡಾಕ್ಟರು ಬಂದು ನೋಡಿ, ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಿ ಊಟ ಕೊಡಬೇಕಾಗುತ್ತದೆ, ಒಮ್ಮೆ ಹಾಕಿದರೆ ತೆಗೆಯುವುದು ಕಷ್ಟ ಎಂದರು. ಅಕ್ಕನ ಮುಖ ಸಣ್ಣದಾಯಿತು. ಭಾವನಿಗೆ ಅವಳ ಕೈಯ ಊಟ ಬಿಟ್ಟು ಬೇರೆ ಸುಖ ಯಾವುದೂ ಉಳಿದಿರಲಿಲ್ಲ, ಅವಳಿಗೂ ಅಷ್ಟೇ.

ಮತ್ತೆ ಮಂಡಿ ಮೊಹಲ್ಲಾಕ್ಕೆ ಹೋದೆವು. ಈ ಸಲ ಅಕ್ಕ ಮೀನು ಆರಿಸಲಿಲ್ಲ. ಎಗರದೆ, ಅಷ್ಟು ಸಣ್ಣ ನೀರಿನಲ್ಲಿ ಇದ್ದುಕೊಂಡು ಬದುಕುವಂಥದು ಏನಿದೆ ಎಂದಳು. ಬಸವನಹುಳು ಇದೆ, ಆದರೆ ಕೆಲವು ಗಾಜು ಹತ್ತಿ ಆಚೆ ಹೋಗುತ್ತವೆ ಎಂದ ಜೆನ್ನಿ, ಪುಟ್ಟ ಸಿಗಡಿಗಳನ್ನು ತೋರಿಸಿದಳು. ನಮ್ಮ ಮನೆಯಲ್ಲಿ ಮೂರು ಹೊತ್ತೂ ಲಿಂಗಪೂಜೆ. ಸಿಗಡಿ ಎಂದರೆ ನಮಗೆ ಗೊತ್ತಿದ್ದದ್ದು ಒಣಮೀನಿನ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಹೋಗುವುದಷ್ಟೇ. ಜೆನ್ನಿಗೆ ನಮ್ಮ ಮುಖ ನೋಡಿಯೇ ಅರ್ಥವಾಯಿತು. "ಇವು ತಿನ್ನೋವಲ್ಲಮ್ಮ, ನೋಡೋವು" ಎಂದಳು. ಉಗುರಿನಷ್ಟು ಉದ್ದ, ಕುಂಕುಮದ ಬಣ್ಣ, ಕಾಲುಗಳಿಂದ ಎಲೆಯ ಮೇಲಿನ ಪಾಚಿಯನ್ನು ಕೆರೆದು ಕೆರೆದು ತಿನ್ನುತ್ತಿದ್ದವು. ಊಟವೂ ಹೆಚ್ಚು ಹಾಕಬೇಕಿಲ್ಲ, ಗಿಡ ಚೆನ್ನಾಗಿದ್ದರೆ ಸಾಕು ಎಂದಳು. ತೊಟ್ಟಿಯ ಮೇಲೆ ಮುಚ್ಚಳವಿಲ್ಲದ್ದರಿಂದ ನೀರು ಆರುತ್ತಿರುತ್ತದೆ, ನಲ್ಲಿ ನೀರನ್ನು ನೇರವಾಗಿ ಹಾಕಬೇಡಿ, ಒಂದು ರಾತ್ರಿ ಇಟ್ಟ ನೀರನ್ನು ದಿನಾ ಒಂದಿಷ್ಟು ತುಂಬಿ ಎಂದೂ ಹೇಳಿದಳು. ಈ ಸಲ ಅಕ್ಕ ಪ್ರತಿಯೊಂದು ಮಾತಿಗೂ ತಲೆದೂಗಿದಳು.

ಸಿಗಡಿಗಳು ಬಂದವು. ಮೊದಲ ದಿನ ಎಲೆಯ ಕೆಳಗೆ ಅಡಗಿದ್ದವು, ಆಮೇಲೆ ಒಂದೊಂದಾಗಿ ಹೊರಗೆ ಬಂದವು. ಭಾವನ ತಲೆ ಗೋಡೆಯಿಂದ ಈ ಕಡೆಗೆ ಹೊರಳಿತು. ಅಕ್ಕ ಆ ಹೊತ್ತು ನೋಡಿ ಚಮಚ ಬಾಯಿಗಿಟ್ಟಳು. ನುಂಗಿದರು. ನಾನು ನೋಡುತ್ತಲೇ ಇದ್ದೆ, ಬಟ್ಟಲು ಖಾಲಿಯಾಯಿತು. ಗಾಜಿನ ತೊಟ್ಟಿಯ ಮೇಲೆ ನನಗಿದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು.

ಇನ್ನು ಆ ರಾತ್ರಿ ಇಟ್ಟ ನೀರಿನ ವಿಷಯ. ನಮ್ಮ ತಂದೆಯ ಕಾಲದಿಂದ, ಅವರು ಮಠದಲ್ಲಿ ದಾಸೋಹದ ಕೆಲಸಕ್ಕಿದ್ದಾಗಿನಿಂದ, ನಮ್ಮ ಮನೆಗಳಲ್ಲಿ ಒಂದು ನಡವಳಿಕೆ. ಸಂಜೆ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ, ನೀರು ತುಂಬಿ ದೇವರ ಮನೆಯಲ್ಲಿಡಬೇಕು. ಬೆಳಗ್ಗೆ ಅದರಿಂದಲೇ ಲಿಂಗಕ್ಕೆ ಮಜ್ಜನ, ಉಳಿದದ್ದು ಮನೆಮಂದಿಗೆಲ್ಲ ಒಂದೊಂದು ಗುಟುಕು. ಅದು ಗಂಟಲಲ್ಲಿ ಇಳಿಯದೆ ನಾವು ಕಾಫಿ ಕೂಡ ಮುಟ್ಟುವುದಿಲ್ಲ. ರಾತ್ರಿ ಇಟ್ಟ ನೀರು ಎಂದ ಮೇಲೆ ಅಕ್ಕನಿಗೆ ಬೇರೆ ಯಾವ ನೀರು ಹೊಳೆಯಬೇಕು? ಅದಕ್ಕಿಂತ ಶುದ್ಧವಾದದ್ದು ಅವಳ ಮನೆಯಲ್ಲಿರಲಿಲ್ಲ. ಬೆಳಗ್ಗೆ ಪೂಜೆ ಮುಗಿಸಿ ಬಂದು ಭಾವನ ಬಾಯಿಗೆ ಒಂದು ಚಮಚ ಹಾಕುತ್ತಿದ್ದಳು, ಚೊಂಬಿನಲ್ಲಿ ಉಳಿದದ್ದನ್ನು ಸಿಗಡಿಗಳಿಗೆ ಸುರಿಯುತ್ತಿದ್ದಳು. ಅವೂ ಮನೆಯ ಮಕ್ಕಳಾಗಿದ್ದವು.

ಕೆಲವು ವಾರ ಕಳೆದ ಮೇಲೆ ಭಾವ ಆ ಚೊಂಬನ್ನು ತಳ್ಳತೊಡಗಿದರು. ತಮ್ಮ ಚಮಚದ ನೀರನ್ನು ನುಂಗುತ್ತಿದ್ದರು, ಅಕ್ಕ ತೊಟ್ಟಿಯ ಕಡೆ ತಿರುಗಿದ ಕೂಡಲೇ ಎಡಗೈ ಬೀಸಿ ಅವಳ ಮೊಳಕೈಗೆ ಹೊಡೆಯುತ್ತಿದ್ದರು. ಒಂದು ದಿನ ಚೊಂಬು ಉರುಳಿ ಹಾಸಿಗೆಯೆಲ್ಲ ನೆನೆಯಿತು. ಅಕ್ಕ ಹಾಸಿಗೆ ಬದಲಿಸಿ, ತೊಟ್ಟಿಯನ್ನು ಅವರ ಕೈಗೆ ಎಟುಕದಷ್ಟು ದೂರದ ಸ್ಟೂಲಿನ ಮೇಲೆ ಇಟ್ಟಳು. ನಾನು ಹೋದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ಪೂಜೆ ನೀರನ್ನೇ ತಳ್ತಾರೆ ಕಣೇ ಚೂಡಾ. ಬುದ್ಧಿ ಪೂರ್ತಿ ಹೋಗ್ಬುಟ್ಟಿದೆ" ಎಂದಳು.

ಮೆಲ್ಲಗೆ ಹೇಳು, ಕೇಳಿಸುತ್ತದೆ ಎಂದೆ. ಕೇಳಿಸಿದರೂ ಏನು ತಿಳಿಯಬೇಕು ಎಂದಳು. ಮಾರನೆಯ ದಿನ ಲಹರಿಗೂ ಫೋನಿನಲ್ಲಿ ಅದನ್ನೇ ಹೇಳಿದಳು, ರವಿಕೆಗೆ ಬಂದವರಿಗೂ ಹೇಳಿದಳು. ಅವಳ ದುಃಖ ಸುಳ್ಳಲ್ಲ. ಆದರೆ ಆ ಮಾತೆಲ್ಲ ನಡೆದದ್ದು ಮಂಚದಿಂದ ನಾಲ್ಕು ಹೆಜ್ಜೆ ದೂರದಲ್ಲಿ.

ಸಿಗಡಿಗಳು ಸಾಯತೊಡಗಿದವು. ಇವತ್ತು ಒಂದು ಮಣ್ಣಿನ ಮೇಲೆ ಬಿಳಿಚಿಕೊಂಡು ಬಿದ್ದಿದ್ದರೆ ನಾಳೆ ಎರಡು. ಅಕ್ಕ ಪಾಪವೆಂದು ಇನ್ನೂ ಒಂದಿಷ್ಟು ಚೊಂಬಿನ ನೀರು ಹುಯ್ದಳು. ಕೊನೆಗೆ ಒಂದೂ ಉಳಿಯಲಿಲ್ಲ. ಭಾವ ಗೋಡೆಗೆ ತಿರುಗಿದರು, ಬಾಯಿ ಕಟ್ಟಿದರು. ಡಾಕ್ಟರು ಸೋಮವಾರ ನಳಿಕೆ ಹಾಕೋಣ ಎಂದು ಹೇಳಿ ಹೋದರು.

ಶನಿವಾರ ಅಕ್ಕ ನನ್ನನ್ನು ಕರೆದುಕೊಂಡು ಜೆನ್ನಿಯ ಅಂಗಡಿಗೆ ಓಡಿದಳು. ಸೋಮವಾರಕ್ಕೆ ಮೊದಲು ಆ ತೊಟ್ಟಿಯಲ್ಲಿ ಏನಾದರೂ ಓಡಾಡಬೇಕು ಎನ್ನುವುದಷ್ಟೇ ಅವಳ ತಲೆಯಲ್ಲಿತ್ತು. ಜೆನ್ನಿ ಸಿಗಡಿ ಹಿಡಿಯುವ ಜಾಳಿಗೆ ಎತ್ತಿಕೊಂಡವಳು ನಿಂತು, ಯಾವ ನೀರು ಹಾಕುತ್ತಿದ್ದಿರಿ ಎಂದು ಕೇಳಿದಳು. ಅಕ್ಕ ಹೆಮ್ಮೆಯಿಂದಲೇ ಹೇಳಿದಳು. ಜೆನ್ನಿ ಜಾಳಿಗೆಯನ್ನು ಕೆಳಗಿಟ್ಟಳು.

"ತಾಮ್ರ ಇವಕ್ಕೆ ವಿಷ ಅಮ್ಮ. ನಮಗೇನೂ ಆಗಲ್ಲ, ಇವು ತಡ್ಕೊಳ್ಳಲ್ಲ. ನಾನು ಬಕೆಟ್ ಅಂತ ಬಿಡಿಸಿ ಹೇಳ್ಬೇಕಿತ್ತು."

ಒಂದೇ ಸಲಕ್ಕೆ ಸಾಯುವುದಿಲ್ಲ, ದಿನ ದಿನ ಸೇರುತ್ತ ಹೋಗುತ್ತದೆ ಎಂದಳು. ಆ ನೀರು ಹಾಕಿದ ಹೊತ್ತಿಗೆ ಅವು ದಿಕ್ಕೆಟ್ಟು ಮೇಲಕ್ಕೂ ಕೆಳಕ್ಕೂ ಓಡಾಡಿರಬೇಕು, ನೀವು ಗಮನಿಸಲಿಲ್ಲವಾ ಎಂದು ಕೇಳಿದಳು. ನಾವಿಬ್ಬರೂ ಗಮನಿಸಿರಲಿಲ್ಲ. ಅಕ್ಕ ನೀರು ಸುರಿದ ಮೇಲೆ ಮಿಷನ್ನಿಗೆ ಹೋಗುತ್ತಿದ್ದಳು, ನಾನು ಬರುವುದೇ ಮಧ್ಯಾಹ್ನ. ಬೆಳಗಿನಿಂದ ಸಂಜೆಯ ತನಕ ಅವುಗಳನ್ನು ನೋಡುತ್ತಿದ್ದವರು ಒಬ್ಬರೇ.

ಅಕ್ಕ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಕೈ ತನ್ನ ಮೊಳಕೈಯನ್ನು ಹಿಡಿದುಕೊಂಡಿತ್ತು. ತೊಟ್ಟಿ ತೊಳೆದು, ಮಣ್ಣು ಬದಲಿಸಿ, ಪ್ಲಾಸ್ಟಿಕ್ ಬಕೆಟ್ಟಿನ ನೀರು ಹಾಕಿದರೆ ಸ್ವಲ್ಪ ದಿನಕ್ಕೆ ಮತ್ತೆ ಬಿಡಬಹುದು, ಎಷ್ಟು ಬೇಕು ಹೇಳಿ ಎಂದಳು ಜೆನ್ನಿ.

"ಅವ್ರನ್ನ ಕೇಳಿ ಹೇಳ್ತೀನಿ ಕಣಮ್ಮ" ಎಂದಳು ಅಕ್ಕ.

ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ಸೀದಾ ಮಂಚದ ಹತ್ತಿರ ಹೋದಳು. ಭಾವ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವಳು ಅವರನ್ನು ಈ ಕಡೆಗೆ ಹೊರಳಿಸಲಿಲ್ಲ. ಮಂಚವನ್ನು ಎಳೆದು, ಮಂಚಕ್ಕೂ ಗೋಡೆಗೂ ನಡುವೆ ತಾನೇ ಹೊಕ್ಕು, ಅವರ ಮುಖದೆದುರು ಮಂಡಿಯೂರಿದಳು.

"ರೀ, ಅವು ಸತ್ತಿದ್ದು ನಾನು ಹುಯ್ದ ನೀರಿಂದ. ನೀವು ಅದನ್ನೇ ಹೇಳ್ತಿದ್ರಿ ಅಲ್ವಾ? ಹೌದಾದ್ರೆ ಬೆರಳೆತ್ತಿ."

ಎಡಗೈಯ ತೋರುಬೆರಳು ಹೊದಿಕೆಯ ಮೇಲಿಂದ ಎದ್ದಿತು. ಅಕ್ಕ ಅತ್ತಳು. ಅವಳು ಅಳುವುದನ್ನು ನಾನು ನಮ್ಮ ತಾಯಿ ಹೋದಾಗಲೂ ಕಂಡಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ತೊಟ್ಟಿಯಲ್ಲಿ ಮತ್ತೆ ಏನನ್ನಾದರೂ ಬಿಡಲೇ ಎಂದು ಕೇಳಿದಳು. ಬೆರಳು ಎದ್ದಿತು. ಬಸವನಹುಳುವೇ ಎಂದಳು. ಬೆರಳು ಏಳಲಿಲ್ಲ. ಸಿಗಡಿಯೇ ಎಂದಳು. ಎದ್ದಿತು. ಅಲ್ಲಿಯ ತನಕ ಊಟ ಮಾಡುತ್ತೀರಾ ಎಂದು ಕೇಳಿದಾಗ ಅವರು ಅವಳ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಅದಕ್ಕೂ ಬೆರಳೆತ್ತಿದರು.

ಅಕ್ಕ ಏಳಲು ಹೋದವಳು ಹಾಗೇ ನಿಂತಳು.

"ಇಷ್ಟು ದಿನ ಬೇರೆ ಏನಾದ್ರೂ ಹೇಳಕ್ಕೆ ನೋಡಿದ್ರಾ? ನಂಗೆ ಗೊತ್ತಾಗ್ದೆ ಇದ್ದಿದ್ದು?"

ಬೆರಳು ಎದ್ದಿತು. ಈ ಸಲ ಅದನ್ನು ಅವರು ಇಳಿಸಲೇ ಇಲ್ಲ. ಅಕ್ಕ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು, ಒಂದೊಂದಾಗಿ ಕೇಳತೊಡಗಿದಳು.