ಕೆಮಿ ನದಿಗೆ ನಾಣ್ಯ ಚಿಮ್ಮಿದ ಕೋಚ್

ಸ್ಯಾನ್ ರಮೋನಿನ ತಮ್ಮ ಗ್ಯಾರೇಜಿನಲ್ಲಿ ನಮಗೆ ಡಿಬೇಟ್ ಕಲಿಸುತ್ತಿದ್ದ ಹುಬ್ಬಳ್ಳಿಯ ಕೋಚ್‌ಗೆ ಎರಡು ಚಟ: ಸ್ಟಾಪ್‌ವಾಚನ್ನು ಹೆಬ್ಬೆರಳಿನಿಂದ ಉಜ್ಜುವುದು, "ಎರಡೂ ಕಡೆ ನಿಂತು ನೋಡ್ರಿ" ಎನ್ನುವುದು. ಯಾರು ಯಾವ ಕಡೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದರು. ನಾಣ್ಯಕ್ಕೆ ಅಭಿಪ್ರಾಯವಿಲ್ಲ, ಒಪ್ಪುತ್ತೇನೆ. ಅವರಿಗೂ ಇರಲಿಲ್ಲ ಎಂಬುದೇ ನನ್ನ ತಕರಾರು.

ಒಂದು ಶನಿವಾರದ ವಿಷಯ ಫಿನ್ಲೆಂಡಿನ ಕೆಮಿ ನದಿ. ಮೊದಲು ಅದರಲ್ಲಿ ಮರದ ದಿಮ್ಮಿಗಳು ತೇಲಿಕೊಂಡು ಕಾರ್ಖಾನೆ ಸೇರುತ್ತಿದ್ದವು. ಆಮೇಲೆ ವಿದ್ಯುತ್ತಿಗಾಗಿ ಅಣೆಕಟ್ಟು ಎದ್ದು, ಸಮುದ್ರದಿಂದ ಮೇಲೇರುತ್ತಿದ್ದ ಸಾಲ್ಮನ್ ಮೀನಿನ ದಾರಿ ಮುಚ್ಚಿತು. ಕಟ್ಟಿದ್ದು ಸರಿಯೇ? ನಾಣ್ಯ ಬಿತ್ತು, "ಸರಿ" ಎಂದು ವಾದಿಸುವ ಪಾಳಿ ನನ್ನ ಗೆಳತಿಯದು. ಅವಳ ಅಪ್ಪ ಮೈಸೂರಿನವರು, ಅಮ್ಮ ಅದೇ ನದಿಯ ದಡದವರು.

"ಐ ಕಾಂಟ್, ಅಂಕಲ್. ಅಮ್ಮನ ತಾತ ಅಲ್ಲೇ ಮೀನು ಹಿಡೀತಿದ್ರು. ಡ್ಯಾಮ್ ಬಂದ್ಮೇಲೆ ಬಲೇನೇ ಸುಟ್ಟಾಕಿದ್ರಂತೆ."

ಕೋಚ್ ಕಣ್ಣರಳಿಸಿದರು. "ಭಾರಿ ಉದಾಹರಣೆ ಅದ!" ಎಂದು ನನ್ನತ್ತ ತಿರುಗಿ, "ನೀ ವಿರೋಧದಾಕಿ ಅಲ್ಲೇನು? ಆ ಬಲೀನ ಮೊದಲ್ನೇ ಪಾಯಿಂಟ್ ಮಾಡ್ಕೋ," ಎಂದರು. ಅವಳಿಗೆ, "ನೀ ಅದನ್ನ ಒಡೀಬೇಕವಾ. ಎರಡೂ ಕಡೆ ನಿಂತು ನೋಡು."

"ಆ ಮೀನಿಗೆ ನಿಲ್ಲೋಕೆ ಇನ್ನೊಂದು ಕಡೆ ಎಲ್ಲಿತ್ತು, ಅಂಕಲ್?" ಎಂದಳು ಅವಳು.

ಹೆಬ್ಬೆರಳು ಗುಂಡಿ ಒತ್ತಿತು. "ಪ್ರಶ್ನೆ ಕಡೀಗೆ. ನಿನ್ನ ಟೈಮ್ ಶುರು ಆತು."

ಅವಳು ಸಮಯ ಮುಗಿಯುವವರೆಗೂ ಬಾಯಿ ತೆರೆಯದೆ ನಿಂತಳು. ನನ್ನ ಪಾಳಿ ಬಂದಾಗ ನಾನೂ ಹಾಗೆಯೇ ನಿಂತೆ. ಕೋಚ್ ಇಬ್ಬರಿಗೂ ಸೊನ್ನೆ ಹಾಕಿ, ಮುಂದಿನ ವಿಷಯಕ್ಕೆ ನಾಣ್ಯ ಚಿಮ್ಮಿದರು.