ಶ್ರಾವಣಕ್ಕೆ ಐದು ಸೇಬು

“ಕಾಶ್ಮೀರದ ಸೇಬು ಏನ್ ಸೇಬು ಬಿಡಿ. ನನ್ನ ಮರದ್ದು ಒಂದು ಕಚ್ಚಿ ನೋಡಿ, ಆಮೇಲೆ ಎಂಟು ದಿನ ಕಾಫಿಗೆ ಸಕ್ಕರೆ ಹಾಕ್ಕೊಳೋ ಹಂಗಿಲ್ಲ. ಸಿಹಿ ಅನ್ನೋದು ನಾಲಿಗೆ ಮೇಲೆ ಮನೆ ಮಾಡ್ಕೊಂಡು ಕೂತಿರುತ್ತೆ.”

ಬಸವನಗುಡಿಯ ಹಳೇ ಬಂಗಲೆಯೊಂದರ ಹಿತ್ತಿಲಲ್ಲಿ, ಔಟ್‌ಹೌಸಿನ ಮೆಟ್ಟಿಲ ಮೇಲೆ ಕೂತು, ರಿಟೈರಾದ ಬಸ್ ಕಂಡಕ್ಟರ್ ಆಂಜಿನಯ್ಯ ಈ ಮಾತನ್ನು ಕಡಿಮೆಯೆಂದರೂ ಮೂವತ್ತು ಸಾವಿರ ಸಲ ಹೇಳಿರಬೇಕು. ಪೋಸ್ಟ್‌ಮನ್ನಿಗೆ ಹೇಳಿದ್ದಾನೆ, ಮೀಟರ್ ನೋಡಲು ಬಂದವನಿಗೆ ಹೇಳಿದ್ದಾನೆ, ವಿಳಾಸ ತಪ್ಪಿ ಗೇಟು ತೆಗೆದ ಪುರೋಹಿತರೊಬ್ಬರನ್ನು ಹಿಡಿದು ಕೂರಿಸಿಕೊಂಡು, ಅವರು ಹೋಗಬೇಕಾಗಿದ್ದ ಮದುವೆಯ ಮುಹೂರ್ತ ಮೀರುವವರೆಗೂ ಹೇಳಿದ್ದಾನೆ. ಕಚ್ಚಿ ನೋಡಲು ಮಾತ್ರ ಯಾರ ಕೈಗೂ ಒಂದು ಹಣ್ಣು ಕೊಟ್ಟವನಲ್ಲ.

ಬೆಂಗಳೂರಲ್ಲಿ ಸೇಬೇ ಎಂದು ಈಗಿನವರು ನಗಬಹುದು. ಆಗ ಬೆಳೆಯುತ್ತಿತ್ತು. ಆಗಿನ ಚಳಿಯೂ ಅಂಥದೇ. ಡಿಸೆಂಬರಿನಲ್ಲಿ ಗಂಡಸರು ಕೊಬ್ಬರಿ ಎಣ್ಣೆಯ ಶೀಶೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಆಫೀಸಿಗೆ ಹೋಗುತ್ತಿದ್ದರು. ಅದು ಕರಗಿ ತಲೆಗೆ ಸವರಿಕೊಳ್ಳುವ ಹೊತ್ತಿಗೆ ಸಂಜೆಯಾಗಿ, ಎಲ್ಲರೂ ಬಾಚಿದ ತಲೆಯಲ್ಲಿ ಮನೆಗೆ ಬರುತ್ತಿದ್ದರು.

ಈ ಮರ ಬಂಗಲೆಗೆ ಬಂದದ್ದು ಆಂಜಿನಯ್ಯನ ಬಸ್ಸಿನಲ್ಲಿ. ಬಂಗಲೆಯ ಯಜಮಾನರಾದ ವೃಷಭೇಂದ್ರಪ್ಪನವರು ಒಂದು ದಿನ ಲಾಲ್‌ಬಾಗಿನಿಂದ ಮೊಣಕಾಲುದ್ದದ ಸಸಿ ತಗೊಂಡು ಬಸ್ಸು ಹತ್ತಿದರು. ಒಳಗೆ ಕಾಲಿಡಲು ಜಾಗವಿಲ್ಲ. ಸಸಿ ಜಜ್ಜಿಹೋಗುವುದನ್ನು ಕಂಡ ಆಂಜಿನಯ್ಯ, “ಗರ್ಭಿಣಿ ಹತ್ತಿದಾರೆ, ಜಾಗ ಬಿಡಿ, ಜಾಗ ಬಿಡಿ” ಎಂದು ಕೂಗಿದ. ಇಡೀ ಬಸ್ಸು ಗೋಡೆಗೆ ಅಂಟಿಕೊಂಡು ನಿಂತಿತು. ನಡುವೆ ವೃಷಭೇಂದ್ರಪ್ಪನವರು ಗಿಡ ಹಿಡಿದು ನಾಚಿಕೊಂಡು ನಿಂತರು. ಅಂದಿನಿಂದ ಇಬ್ಬರಿಗೂ ಸ್ನೇಹ. ಆಂಜಿನಯ್ಯ ರಿಟೈರಾಗಿ, ಅದೇ ವರ್ಷ ಹೆಂಡತಿಯನ್ನೂ ಕಳೆದುಕೊಂಡು, ಮಾವಳ್ಳಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಳಿದಾಗ, ಯಜಮಾನರು ಕರೆದು, “ಔಟ್‌ಹೌಸಲ್ಲಿ ಇದ್ದುಬಿಡು, ಮರ ನೋಡಿಕೋ” ಎಂದರು. ಸಾಯುವ ಮುಂಚೆ ಮಗ ದೊರೆಸ್ವಾಮಿಯ ಕೈ ಹಿಡಿದು ಎಲ್ಲರೆದುರಿಗೇ ಹೇಳಿದರು: ಶ್ರಾವಣದ ಮೊದಲ ಸೋಮವಾರದ ಪೂಜೆಗೆ ಈ ಮರ ವರ್ಷವರ್ಷವೂ ಐದು ಹಣ್ಣು ಕೊಡುತ್ತಿರುವವರೆಗೂ ಆಂಜಿನಯ್ಯನನ್ನು ಔಟ್‌ಹೌಸಿನಿಂದ ಎಬ್ಬಿಸಕೂಡದು.

ದೊರೆಸ್ವಾಮಿ ಮಲ್ಲೇಶ್ವರದಲ್ಲಿ ಮನೆ ಮಾಡಿಕೊಂಡಿದ್ದ. ಬಂಗಲೆಗೆ ಬೀಗ. ಹಿತ್ತಿಲನ್ನು ಸಮ ಮಾಡಿ ಸಾಲಾಗಿ ಬಾಡಿಗೆ ಮನೆ ಕಟ್ಟಿಸಬೇಕೆಂಬ ಆಸೆ ಅವನಿಗಿತ್ತು. ಆದರೆ ಅಪ್ಪನ ಮಾತನ್ನು ದಾಟುವವನಲ್ಲ. ಪ್ರತಿ ಶ್ರಾವಣಕ್ಕೆ ಬಂದು, ಬೀಗ ತೆಗೆದು, ಹಳೇ ದೇವರ ಮನೆಯಲ್ಲಿ ಐದು ಹಣ್ಣಿಟ್ಟು ಪೂಜೆ ಮಾಡಿ, ಒಂದು ಹೋಳು ಬಾಯಿಗೆ ಹಾಕಿಕೊಂಡು, ಒಂದು ಮಾತೂ ಆಡದೆ ಹೊರಟುಹೋಗುತ್ತಿದ್ದ. ಸಿಹಿಗೆ ಮೂಕನಾಗಿ ಹೋದ ಎನ್ನುವುದು ಆಂಜಿನಯ್ಯನ ವ್ಯಾಖ್ಯಾನ.

ಐದು ಹಣ್ಣು ಕಳೆದು ಮಿಕ್ಕದ್ದರಲ್ಲಿ ಆಂಜಿನಯ್ಯನ ಸಂಸಾರ ನಡೆಯಬೇಕು. ಹಣ್ಣನ್ನು ಬೆಲ್ಲ ಹಾಕಿ ಗೊಜ್ಜು ಮಾಡುತ್ತಿದ್ದ. ಸಿಪ್ಪೆ ಒಣಗಿಸಿ ಟೀಗೆ. ತೊಟ್ಟನ್ನು ಒಲೆಗೆ. ಒಂದೇ ಬೆಂಕಿಕಡ್ಡಿಯಲ್ಲಿ ಒಲೆ, ಊದುಬತ್ತಿ, ಬೀಡಿ ಮೂರನ್ನೂ ಹೊತ್ತಿಸಿ, ಉಳಿದ ಕಡ್ಡಿಯಲ್ಲಿ ಕಿವಿ ಕೆರೆದುಕೊಂಡು, ಅದನ್ನು ನಾಳೆಗೆಂದು ಎತ್ತಿಡುತ್ತಿದ್ದ. ಸರ್ವಿಸಿನ ಖಾಕಿ ಅಂಗಿ ಮೊದಲು ಅಂಗಿಯಾಗಿ, ಆಮೇಲೆ ಕೈಚೀಲವಾಗಿ, ಆಮೇಲೆ ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಗಿ, ಕಡೆಗೆ ಬೆಕ್ಕಿನ ಹಾಸಿಗೆಯಾಗಿ ಮೋಕ್ಷ ಪಡೆಯಿತು.

ಬೆಕ್ಕುಗಳು ಹನ್ನೊಂದು. ಸರ್ವಿಸಿನಲ್ಲಿದ್ದಾಗಿನಿಂದಲೂ ಬಸ್‌ಸ್ಟಾಪಿನಲ್ಲಿ ಯಾರಾದರೂ ಗೋಣಿಯಲ್ಲಿ ಕಟ್ಟಿ ಎಸೆದ ಮರಿ ಕಂಡರೆ ಆಂಜಿನಯ್ಯನ ಕಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ಯಾವ ಸ್ಟಾಪಿನಲ್ಲಿ ಸಿಕ್ಕಿತೋ ಅದೇ ಹೆಸರು. ಸಂಜೆ ಅನ್ನದ ತಟ್ಟೆ ಹಿಡಿದು, “ಮಾರ್ಕೆಟ್, ಟೌನ್‌ಹಾಲ್, ಮಿನರ್ವ, ಟೋಲ್‌ಗೇಟ್, ಮೆಜೆಸ್ಟಿಕ್” ಎಂದು ಹಳೇ ರಾಗದಲ್ಲಿ ಕೂಗಿದನೆಂದರೆ, ರಸ್ತೆಯಲ್ಲಿ ಹೋಗುವವರು ಗಂಟು ಮೂಟೆ ಎತ್ತಿಕೊಂಡು ಗೇಟಿನ ಹತ್ತಿರ ಕ್ಯೂ ನಿಲ್ಲುತ್ತಿದ್ದರು. ಇವನು ಒಂದು ರಾಗಿಮುದ್ದೆ ತಿಂದರೆ ಅವಕ್ಕೊಂದು ಮುದ್ದೆ. ವಾರಕ್ಕೊಮ್ಮೆ ಅದರ ಜೊತೆ ಒಣಮೀನಿನ ತಲೆ. ಬಂಗಲೆ ಶುದ್ಧ ಸಸ್ಯಾಹಾರಿಗಳದ್ದಾದ್ದರಿಂದ, ಗಾಳಿ ಹನುಮಂತನಗರದ ಕಡೆ ಬೀಸುವ ದಿನ ನೋಡಿಕೊಂಡು ಬೇಯಿಸುತ್ತಿದ್ದ.

ಇನ್ನು ಮರದ ವಿಷಯ. ಸೇಬಿನ ಮರಕ್ಕೆ ವರ್ಷಕ್ಕೊಂದು ಸಲ ನಿದ್ದೆ ಬೇಕು. ಹಿಮ ಬೀಳುವ ಊರಲ್ಲಿ ಅದು ತಾನೇ ಮಲಗುತ್ತದೆ, ಇಲ್ಲಿ ಮಲಗಿಸಬೇಕು. ಡಿಸೆಂಬರ್ ಬರುತ್ತಿದ್ದಂತೆ ಆಂಜಿನಯ್ಯ ಏಣಿ ಹತ್ತಿ ಒಂದೊಂದೇ ಎಲೆ ಕಿತ್ತು ಮರವನ್ನು ಬೋಳು ಮಾಡುತ್ತಿದ್ದ. ಬುಡದ ಸುತ್ತ ಮಣ್ಣು ತೆಗೆದು, ಬೇರು ಕಾಣುವಂತೆ ಪಾತಿ ಅಗೆದು, ಹದಿನೈದು ದಿನ ಚಳಿಗೆ ಬಿಟ್ಟು, ಆಮೇಲೆ ಗೊಬ್ಬರ ಹಾಕಿ ಮುಚ್ಚಿ ನೀರು ಬಿಡುತ್ತಿದ್ದ. ಮರ ತಾನು ಕಾಶ್ಮೀರದಲ್ಲಿದ್ದೇನೆಂದು ಮೋಸಹೋಗಿ ಹೂ ಬಿಡುತ್ತಿತ್ತು. ಮೊದಮೊದಲು ನಲವತ್ತು ಹಣ್ಣು. ಬೆಕ್ಕು ಐದಾದಾಗ ಇಪ್ಪತ್ತು. ಬೆಕ್ಕು ಎಂಟಾದಾಗ ಒಂಬತ್ತು. ಎಂಬತ್ತಮೂರನೇ ಇಸವಿಯಲ್ಲಿ ಲೆಕ್ಕ ಹಾಕಿದಂತೆ ಐದೇ ಐದು. ಅವತ್ತು ಅವನು ಗೊಜ್ಜಿಲ್ಲದೆ ಬರೀ ಮುದ್ದೆ ನುಂಗಿದ.

ಆ ವರ್ಷದ ಡಿಸೆಂಬರಿನಲ್ಲಿ ಮತ್ತೆ ಪಾತಿ ತೆಗೆದಾಗ, ದಿನಾ ಸೊಪ್ಪು ಮಾರುತ್ತ ಬರುವ ಸಿದ್ದಮ್ಮ ಬುಟ್ಟಿ ಇಳಿಸಿ ಬುಡ ನೋಡಿದಳು.

“ಕಂಡಕ್ಟ್ರಣ್ಣ, ಮರಾನ ಮಲಗಿಸ್ತಿದೀರೋ, ಮಣ್ಣು ಮಾಡ್ತಿದೀರೋ?”

“ಬಾಯಿಗೆ ಬಂದಂಗೆ ಮಾತಾಡ್ಬೇಡ ಸಿದ್ದಮ್ಮ. ಹವಾ ಕೆಟ್ಟಿದೆ ಅಷ್ಟೆ. ಮೊದಲಿನ ಚಳಿ ಎಲ್ಲಿದೆ?”

“ಹವಾ ಕೆಟ್ಟಿರೋದು ನಿಜ. ಮೂಗಿರೋರಿಗೆ ಗೇಟಿನಿಂದಾನೇ ಗೊತ್ತಾಗುತ್ತೆ.” ಅವಳು ಒಂದು ಹಿಡಿ ಮಣ್ಣೆತ್ತಿ ಅವನ ಮೂಗಿಗೆ ಹಿಡಿದಳು. “ತಗೊಳಿ. ನೀವು ಮೆತ್ತಗೆ ಮಣ್ಣು ಬಿಡಿಸಿ ಕೊಡ್ತೀರ, ನಿಮ್ಮ ಮಕ್ಕಳು ಬಂದು ಕೂತು ಎದ್ದು ಹೋಗ್ತವೆ. ಹದಿನೈದು ದಿನ, ಹನ್ನೊಂದು ಬೆಕ್ಕು. ಬೇರು ಸುಡದೆ ಇನ್ನೇನಾಗುತ್ತೆ?”

“ನಮ್ಮ ಬೆಕ್ಕುಗಳು ಅಂಥವಲ್ಲ.”

ಅಷ್ಟರಲ್ಲಿ ಟೋಲ್‌ಗೇಟ್ ಎಂಬ ಗಡವ ಬೆಕ್ಕು ಬಂದು, ಇಬ್ಬರನ್ನೂ ಒಮ್ಮೆ ನೋಡಿ, ಪಾತಿಯಲ್ಲಿಳಿದು, ಮಣ್ಣು ಕೆರೆದು, ಅರೆಗಣ್ಣು ಮುಚ್ಚಿ ಧ್ಯಾನಕ್ಕೆ ಕೂತಿತು.

“ಇದು ಯಾವ ಸ್ಟಾಪು ಕಂಡಕ್ಟ್ರಣ್ಣ?” ಎಂದಳು ಸಿದ್ದಮ್ಮ.

ಹತ್ತು ವರ್ಷ ತಾನೇ ಅಗೆದುಕೊಟ್ಟ ಕಕ್ಕಸಿನಲ್ಲಿ ತನ್ನ ಮನೆ ಮುಳುಗುತ್ತಿದೆ ಎಂಬುದು ಆಂಜಿನಯ್ಯನಿಗೆ ಹೊಳೆದದ್ದು ಆಗ.

“ಬೆಕ್ಕು ಬಿಡಿ, ಇಲ್ಲಾ ಮನೆ ಬಿಡಿ,” ಎಂದಳು ಅವಳು, ಈ ಸಲ ನಗದೆ. “ಐದು ಹಣ್ಣು ಬರದೆ ಇದ್ರೆ ಆ ದೊರೆಸ್ವಾಮಿ ಒಂದು ದಿನ ಕಾಯಲ್ಲ. ಈ ವಯಸ್ಸಲ್ಲಿ ಹನ್ನೊಂದು ಬೆಕ್ಕು ಇಟ್ಕೊಂಡೋನಿಗೆ ಯಾರು ಮನೆ ಕೊಡ್ತಾರೆ?”

ಮರುದಿನ ಆಂಜಿನಯ್ಯ ಎಲ್ಲಕ್ಕಿಂತ ದೊಡ್ಡ ಅಪರಾಧಿಯಾದ ಟೋಲ್‌ಗೇಟನ್ನು ಚೀಲದಲ್ಲಿ ಹಾಕಿಕೊಂಡು ಶ್ರೀರಾಂಪುರದ ಬಸ್ಸು ಹತ್ತಿದ. ಚೀಲ ಮಿಯಾಂವ್ ಎಂದಿತು.

“ಚೀಲದಲ್ಲೇನು ಯಜಮಾನ್ರೇ?” ಎಂದ ಹೊಸ ಹುಡುಗ ಕಂಡಕ್ಟರ್.

“ಬೆಕ್ಕು. ಲಗೇಜ್ ಟಿಕೆಟ್ ಹರಿ. ನನ್ನ ಸರ್ವಿಸಲ್ಲಿ ಒಂದು ಕೋಳಿಮೊಟ್ಟೆ ಟಿಕೆಟ್ ಇಲ್ದೆ ಓಡಾಡಿಲ್ಲ.”

ಶ್ರೀರಾಂಪುರದ ಹಿಟ್ಟಿನ ಗಿರಣಿಯ ಹಿಂದೆ ಚೀಲ ಬಿಚ್ಚಿದ. ಇಲಿಗೆ ಬರವಿಲ್ಲದ ಜಾಗ. ಟೋಲ್‌ಗೇಟು ಇಳಿಯಲಿಲ್ಲ, ಬಸ್ಸಿನ್ನೂ ಸ್ಟಾಪಿಗೆ ಬಂದಿಲ್ಲವೆಂಬಂತೆ ಒಳಗೇ ಕೂತು ಅವನ ಮುಖ ನೋಡಿತು. ಇಳಿಸಿ, ತಿರುಗಿ ನೋಡದೆ ಹತ್ತು ಹೆಜ್ಜೆ ಹೋದ. ಹನ್ನೊಂದನೆಯ ಹೆಜ್ಜೆಗೆ ಚರಂಡಿಯ ಪಕ್ಕ, ಮೈಯೆಲ್ಲ ಹಿಟ್ಟು ಮೆತ್ತಿಕೊಂಡ, ಒಂದು ಕಣ್ಣು ಪಿಸುರು ಕಟ್ಟಿದ ಮರಿ ಸಿಕ್ಕಿತು. ವಾಪಸ್ ಬರುವಾಗ ಎರಡು ಲಗೇಜ್ ಟಿಕೆಟ್.

ಸಿದ್ದಮ್ಮ ಹಣೆ ಚಚ್ಚಿಕೊಂಡಳು. “ಬಿಟ್ಟು ಬರೋಕೆ ಹೋದೋರು ಜಾಸ್ತಿ ಮಾಡ್ಕೊಂಡು ಬಂದ್ರಾ?”

“ಇದರ ಹೆಸರು ಶ್ರೀರಾಂಪುರ,” ಎಂದ ಆಂಜಿನಯ್ಯ.

ಪಾತಿಗೆ ಜಾಲಿ ಮುಳ್ಳು ಹಾಸಿದ. ಬೆಕ್ಕುಗಳು ದಾರಿ ಮಾಡಿಕೊಂಡವು, ಮುಳ್ಳು ತಾಗಿದ್ದು ಇವನ ಕಾಲಿಗೆ. ಕಡೆಗೆ ಪಾತಿಯ ಮೇಲೆ ಮಂಚ ಹಾಕಿ, ಕೋಲು ಹಿಡಿದು ಅಲ್ಲೇ ಕಾವಲು ಕೂತ. ಎಂಟನೆಯ ದಿನ ಜ್ವರ ಬಂದು ಎಚ್ಚರ ತಪ್ಪಿದವನ ಹೊಟ್ಟೆ ಮೇಲೆ ಆರು ಬೆಕ್ಕು ಬೆಚ್ಚಗೆ ಮಲಗಿದ್ದವು. ಇನ್ನಾರು ಮಂಚದ ಕೆಳಗೆ ಕೆಲಸದಲ್ಲಿದ್ದವು.

ಶಿವರಾತ್ರಿಯ ಹೊತ್ತಿಗೆ ಮರ ಏಳು ಹೂ ಬಿಟ್ಟಿತು. ಬೇಸಿಗೆಯಲ್ಲಿ ಮೂರು ಕಾಯಿ. ಆಷಾಢದ ಗಾಳಿಗೆ ಎರಡು ಉದುರಿದವು. ಉಳಿದ ಒಂದಕ್ಕೆ ಆಂಜಿನಯ್ಯ ಹಳೇ ಟಿಕೆಟ್ ಚೀಲ ಕಟ್ಟಿ, ದಿನಕ್ಕೆ ನೂರು ಸಲ ಮುಟ್ಟಿ ನೋಡಿದ. ಎಷ್ಟು ಮುಟ್ಟಿದರೂ ಅದು ಒಂದೇ ಇತ್ತು.

ಹಾಗಾಗಿ, ಬೆಂಕಿಕಡ್ಡಿಯನ್ನು ನಾಳೆಗೆ ಎತ್ತಿಡುತ್ತಿದ್ದ ಮನುಷ್ಯ ಗಾಂಧಿ ಬಜಾರಿಗೆ ಹೋಗಿ ನಾಲ್ಕು ಸೇಬು ಕೊಂಡು ತಂದ. ಅಂಗಡಿಯವನು ಒಳ್ಳೊಳ್ಳೆಯದನ್ನು ಆರಿಸಿಕೊಡುತ್ತಿದ್ದರೆ ಇವನು ಗಿಡ್ಡದ್ದು, ಸೊಟ್ಟದ್ದು ಬೇಕೆಂದು ಹಟ ಹಿಡಿದ. ಮನೆಗೆ ತಂದು ಬೂದಿ ಹಚ್ಚಿ ಹೊಳಪು ತೆಗೆದ. ತನ್ನ ಮರದ ಹಣ್ಣಿಗಿರುವ ಕಪ್ಪು ಮಚ್ಚೆ ಬರಲೆಂದು ಇದ್ದಿಲಿನಿಂದ ಬೊಟ್ಟಿಟ್ಟ. ಹುಳ ಕೊರೆದ ತೂತು ಕಾಣಲೆಂದು ಸೂಜಿ ಚುಚ್ಚಿದ. ಐದನ್ನೂ ತಟ್ಟೆಯಲ್ಲಿಟ್ಟರೆ ಹೆತ್ತ ತಾಯಿಗೂ ಗುರುತು ಸಿಗಬಾರದು, ಅಷ್ಟು ಚೆನ್ನಾಗಿತ್ತು. ಹೊರಗಿನದೆಲ್ಲ ಅವನಿಗೆ ನೆನಪಿತ್ತು. ಹತ್ತು ವರ್ಷ ಊರಿಗೆಲ್ಲ ಹೇಳಿದ್ದನ್ನು ತಾನೂ ನಂಬಿಬಿಟ್ಟು, ಒಳಗಿನದನ್ನು ಮಾತ್ರ ಮರೆತ.

ಸೋಮವಾರ ದೊರೆಸ್ವಾಮಿ ಬಂದ. ಐದು ಹಣ್ಣು ನೋಡಿ ಅವನ ಮುಖ ಸಪ್ಪಗಾಯಿತು. ಕಾರಿನಲ್ಲಿ ಮನೆಯ ಪ್ಲಾನು ಸುರುಳಿ ಸುತ್ತಿ ಇಟ್ಟುಕೊಂಡೇ ಬಂದಿದ್ದ. ಸುಮ್ಮನೆ ಪೂಜೆ ಮುಗಿಸಿ, ಒಂದು ಹಣ್ಣು ಹೆಚ್ಚಿ, ಎಂದಿನಂತೆ ಕಣ್ಣು ಮುಚ್ಚಿ ಒಂದು ಹೋಳು ಬಾಯಿಗೆ ಹಾಕಿಕೊಂಡ. ಕಣ್ಣು ತೆರೆದ.

“ಆಂಜಿನಯ್ಯ, ಇದು ಸಿಹಿಯಾಗಿದೆ.”

“ನಾನು ಮೊದಲಿಂದ ಹೇಳ್ತಾನೇ ಇದೀನಲ್ಲ ಚಿಕ್ಕೆಜಮಾನ್ರೇ. ಸಕ್ಕರೆ ಅಂತ.”

“ನೀವು ಹೇಳ್ತಿದ್ರಿ. ತಿಂತಿದ್ದೋನು ನಾನು.” ದೊರೆಸ್ವಾಮಿ ಎರಡನೆಯದನ್ನು ಹೆಚ್ಚಿದ. ಅದೂ ಸಿಹಿ. ಮೂರನೆಯದು, ನಾಲ್ಕನೆಯದು. ಒಂದೊಂದು ಹೋಳಿಗೂ ಆಂಜಿನಯ್ಯನ ತಲೆ ಒಂದೊಂದು ಅಂಗುಲ ತಗ್ಗಿತು. ಐದನೆಯ ಹೋಳು ಬಾಯಿಗೆ ಬಿದ್ದದ್ದೇ ದೊರೆಸ್ವಾಮಿಯ ಒಂದು ಕಣ್ಣು ಮುಚ್ಚಿಕೊಂಡಿತು, ಕಿವಿಗಳೆರಡೂ ಹಿಂದಕ್ಕೆ ಸರಿದವು, ಕತ್ತಿನ ನರ ವೀಣೆಯ ತಂತಿಯಂತೆ ಎದ್ದು ನಿಂತಿತು. ಬಾಗಿಲಲ್ಲಿ ನಿಂತಿದ್ದ ಸಿದ್ದಮ್ಮನಿಗೇ ಹಲ್ಲು ಚುಳುಚುಳು ಎಂದಿತು.

“ಇದು ನಮ್ಮದು,” ಎಂದ ಅವನು, ಮಾತು ಬಂದ ಮೇಲೆ. ಉಗುಳಲಿಲ್ಲ. ಆ ಹಣ್ಣನ್ನಷ್ಟೇ ಬೀಜದವರೆಗೂ ತಿಂದ. ಅವನ ಕಣ್ಣಲ್ಲಿ ನೀರಿತ್ತು. ಹುಳಿಯ ನೀರೋ ಅಪ್ಪನ ನೆನಪಿನದೋ ಕೇಳುವಂತಿರಲಿಲ್ಲ. ತಿಂದು ಮುಗಿಸಿ, ಟವೆಲಿನಿಂದ ಬೆರಳು ಒರೆಸಿಕೊಂಡು ಮೆಲ್ಲಗೆ ಹೇಳಿದ: “ಒಂದು. ಅಪ್ಪ ಹೇಳಿದ್ದು ಐದು.”

“ಹೌದು,” ಎಂದ ಆಂಜಿನಯ್ಯ.

“ಸುಳ್ಳು ಹೇಳಿದ್ರಿ ಅಂತ ನಾನು ಬೇಜಾರು ಮಾಡ್ಕೊಂಡಿಲ್ಲ. ದೀಪಾವಳಿ ಕಳೀಲಿ, ಆಮೇಲೆ ಖಾಲಿ ಮಾಡಿ. ಮರ ಕಡಿಯೋರಿಗೆ ಹೇಳ್ತೀನಿ.”

ಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಂಜಿನಯ್ಯ ಹಣ್ಣಿನ ತಟ್ಟೆ ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ತಟ್ಟೆಯ ಸದ್ದು ಕೇಳಿದ ಮಾರ್ಕೆಟ್ಟು, ಟೌನ್‌ಹಾಲು, ಮಿನರ್ವ ಒಂದೊಂದಾಗಿ ಬಂದು ಅವನ ಸುತ್ತ ಸೇರಿದವು. ಎಲ್ಲಕ್ಕಿಂತ ಹಿಂದೆ, ಒಂದು ಕಣ್ಣು ಕಿರಿದು ಮಾಡಿಕೊಂಡು ಶ್ರೀರಾಂಪುರ. ಅವನು ಉಳಿದ ನಾಲ್ಕು ಹಣ್ಣಿನ ಹೋಳುಗಳನ್ನು ಅವುಗಳ ಮುಂದಿಟ್ಟ. ಅವು ಮೂಸಿ ನೋಡಿ ಮುಖ ತಿರುಗಿಸಿದವು. ಸಿಹಿ ಅವಕ್ಕೂ ಅಭ್ಯಾಸವಿರಲಿಲ್ಲ.

ದೊರೆಸ್ವಾಮಿ ಬಂಗಲೆಗೆ ಬೀಗ ಹಾಕಿ ಗೇಟಿನ ತನಕ ಹೋದವನು ನಿಂತ. ಕೆಟ್ಟವನಾಗಿದ್ದರೆ ನಿಲ್ಲುತ್ತಿರಲಿಲ್ಲ.

“ಇಷ್ಟೊಂದು ಬೆಕ್ಕು ಕಟ್ಕೊಂಡು ಎಲ್ಲಿಗೆ ಹೋಗ್ತೀರ, ಆಂಜಿನಯ್ಯ?”

ಆಂಜಿನಯ್ಯ ತಲೆ ಎತ್ತಿದ.

“ಎಲ್ಲಿಗೆ, ಎಲ್ಲಿಗೆ ಅಂತ ಮೂವತ್ತೊಂದು ವರ್ಷ ನಾನೂ ಕೇಳಿದೀನಿ ಚಿಕ್ಕೆಜಮಾನ್ರೇ. ಆದ್ರೆ ನಾನು ಕೇಳಿದ ಮೇಲೆ ಟಿಕೆಟ್ ಕೊಡ್ತಿದ್ದೆ.”